ಮತ್ತೆ ಮತ್ತೆ ಮರುಕಳಿಸುವ ಸೊಂಟನೋವು

ಸೊಂಟನೋವು ಒಮ್ಮೆ ಬಂದು ವಾಸಿಯಾದವರಲ್ಲಿ ಹೆಚ್ಚಿನವರಿಗೆ ವರ್ಷದೊಳಗೆ ಅದು ಮತ್ತೆ ಬರುತ್ತದೆ. ಮೂಳೆ ಮುರಿತ, ಸೋಂಕಿನಂಥ ಸ್ಪಷ್ಟ ಕಾರಣ ಸಿಗುವುದು ಅಪರೂಪ. ಬಹುತೇಕರಲ್ಲಿ ಸ್ಕ್ಯಾನ್ ನೋಡಿ ನೋವಿನ ಮೂಲ ಇದೇ ಎಂದು ಬೆರಳಿಟ್ಟು ತೋರಿಸಲಾಗದು. ನೋವನ್ನು ಕೆರಳಿಸಿದ ಗಳಿಗೆಯನ್ನು ಮಾತ್ರ ಎಷ್ಟೋ ಸಲ ಗುರುತಿಸಬಹುದು.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 999 ರೋಗಿಗಳನ್ನು ವಿಚಾರಿಸಿದ, 2015ರಲ್ಲಿ ಪ್ರಕಟವಾದ ಅಧ್ಯಯನ ಹುಡುಕಿದ್ದು ಇದನ್ನೇ. ಭಾರ ಎತ್ತುವುದು, ದಣಿವು ಅಪಾಯವನ್ನು ಹೆಚ್ಚಿಸಿದ್ದವು. ಸೊಂಟ ತಿರುಚಿ ಅಡ್ಡಾದಿಡ್ಡಿ ಬಗ್ಗುವುದು ಸುಮಾರು 8 ಪಟ್ಟು. ಎಲ್ಲಕ್ಕಿಂತ ಮುಂದಿದ್ದದ್ದು ಯಾರೂ ಅಷ್ಟಾಗಿ ಎಣಿಸದ ಸಂಗತಿ: ಕೆಲಸದ ನಡುವೆ ಗಮನ ಬೇರೆಡೆ ಹರಿಯುವುದು. ಅದರ ಅಪಾಯ ಸುಮಾರು 25 ಪಟ್ಟು. ಬಿಂದಿಗೆ ಎತ್ತುವ ಮೊದಲೇ ಬೆನ್ನಿನ, ಹೊಟ್ಟೆಯ ಸ್ನಾಯುಗಳು ಬಿಗಿಯಾಗಿ ಬೆನ್ನುಮೂಳೆಯ ಕಂಬಕ್ಕೆ ಆಸರೆ ಕೊಡುತ್ತವೆ. ಯಾರೋ ಕರೆದರೆಂದು ತಿರುಗಿದಾಗ ಆ ಹೊಂದಾಣಿಕೆ ತಪ್ಪಬಹುದು.

ಅದೇ ಅಧ್ಯಯನದಲ್ಲಿ ನೋವು ಹೆಚ್ಚಾಗಿ ಶುರುವಾದದ್ದು ಬೆಳಿಗ್ಗೆ 7ರಿಂದ ಮಧ್ಯಾಹ್ನದೊಳಗೆ. ರಾತ್ರಿ ಮಲಗಿದಾಗ ಕಶೇರುಗಳ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬುತ್ತವೆ. ಎದ್ದ ಕೂಡಲೇ ಬಗ್ಗಿದರೆ ಅವುಗಳ ಮೇಲೆ ಹೆಚ್ಚು ಒತ್ತಡ ಬೀಳುತ್ತದೆ. ಕಸ ಗುಡಿಸುವುದನ್ನು ಒಂದು ಗಂಟೆ ಮುಂದೂಡುವುದು ಜಾಣತನ.

ಹಿಂದೆ ಎರಡಕ್ಕಿಂತ ಹೆಚ್ಚು ಬಾರಿ ನೋವು ಬಂದಿರುವುದು, ದಿನಕ್ಕೆ 5 ಗಂಟೆಗೂ ಹೆಚ್ಚು ಕೂತಿರುವುದು ಮರುಕಳಿಕೆಯ ಸೂಚನೆಗಳು. ಹಾಗೆಂದು ಹಾಸಿಗೆ ಹಿಡಿಯುವುದು ಪರಿಹಾರವಲ್ಲ. 2024ರಲ್ಲಿ ಪ್ರಕಟವಾದ ಇನ್ನೊಂದು ಆಸ್ಟ್ರೇಲಿಯನ್ ಪ್ರಯೋಗದಲ್ಲಿ, ಕ್ರಮವಾಗಿ ನಡಿಗೆ ಹೆಚ್ಚಿಸಿಕೊಂಡವರಿಗೆ ನೋವು ಮರಳಲು ಸಾಮಾನ್ಯವಾಗಿ 208 ದಿನ ಹಿಡಿಯಿತು, ಉಳಿದವರಿಗೆ 112.