ಬಿಪಿ ಇಲ್ಲದ ಹುಡುಗನಿಗೆ ಬಿಪಿ ಗುಳಿಗೆ ಯಾಕೆ? ಸ್ನಾಯು ಕಾಯಿಲೆಯ ಮಕ್ಕಳ ಪಾಲಕರು ತಿಳಿಯಬೇಕಾದ್ದು

ಮೋರಟಗಿ: ನಾಲ್ಕೈದು ವರ್ಷದ ಹುಡುಗ ಪದೇ ಪದೇ ಬೀಳ್ತಾನೆ. ನೆಲದಿಂದ ಏಳುವಾಗ ತೊಡೆ ಮೇಲೆ ಕೈ ಊರ್ತಾನೆ. ಮೀನಖಂಡ ದಪ್ಪ ಕಾಣ್ತಾವೆ. ಇವು ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬ ಸ್ನಾಯು ಕಾಯಿಲೆಯ ಲಕ್ಷಣ ಆಗಿರಬಹುದು. ಮನೆಯವರ ಚಿಂತೆಯೆಲ್ಲ ಕಾಲಿನ ಮೇಲೇ ಇರ್ತದೆ. ಆದರೆ ಹೃದಯವೂ ಒಂದು ಸ್ನಾಯು.

ಸ್ನಾಯುಗಳನ್ನು ಗಟ್ಟಿ ಇಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಈ ಮಕ್ಕಳ ದೇಹದಲ್ಲಿ ತಯಾರಾಗುವುದಿಲ್ಲ. ಹೀಗಾಗಿ ಹೃದಯದ ಸ್ನಾಯು ವರ್ಷದಿಂದ ವರ್ಷಕ್ಕೆ ಸವೆದು, ರಕ್ತ ಪಂಪ್ ಮಾಡುವ ಶಕ್ತಿ ಕುಗ್ಗುತ್ತದೆ.

ಗೊತ್ತಾಗೋದು ತಡ ಯಾಕೆ?
ಓಡಾಡುವವರಿಗೆ ಹೃದಯ ಸೋತರೆ ಮೆಟ್ಟಿಲು ಹತ್ತುವಾಗ ದಮ್ಮು ಬರ್ತದೆ. ವೀಲ್‌ಚೇರ್‌ನಲ್ಲಿ ಕುಳಿತ ಹುಡುಗನಿಗೆ ಅಷ್ಟು ಶ್ರಮವೇ ಇರುವುದಿಲ್ಲ. ತೂಕ ಇಳಿಯುವುದು, ಹೊಟ್ಟೆನೋವು, ವಾಂತಿ, ನಿದ್ದೆಗೇಡು ಕೂಡ ಹೃದಯದ ತೊಂದರೆಯ ಸೂಚನೆ ಆಗಿರಬಹುದು.

ಏನು ಮಾಡಬೇಕು?
ಕಾಯಿಲೆ ಪತ್ತೆಯಾದಾಗಲೇ ಇಸಿಜಿ, ಎಕೋ ಮಾಡಿಸಬೇಕು. ನಂತರ ತೊಂದರೆ ಇರಲಿ, ಬಿಡಲಿ, ವರ್ಷಕ್ಕೊಮ್ಮೆ ತಪ್ಪಿಸಬಾರದು. 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ, ಎಕೋ ಸರಿ ಇದ್ದರೂ 10 ವರ್ಷದೊಳಗೆ ಹೃದಯ ಕಾಯುವ ಗುಳಿಗೆ ಶುರು ಮಾಡಬೇಕು. ಎನಾಲಾಪ್ರಿಲ್, ಪೆರಿಂಡೋಪ್ರಿಲ್ ಅಂಥವು ಇವು. ಬಿಪಿಗೂ ಕೊಡುವ ಈ ಔಷಧ ಹೃದಯದ ಮೇಲಿನ ಭಾರ ಇಳಿಸುತ್ತದೆ.

ಫ್ರಾನ್ಸ್‌ನಲ್ಲಿ 57 ಮಕ್ಕಳ ಮೇಲೆ ಅಧ್ಯಯನ ನಡೆದಿತ್ತು. ಮೊದಲೇ ಪೆರಿಂಡೋಪ್ರಿಲ್ ತಗೊಂಡ 28 ಮಂದಿಯಲ್ಲಿ 10 ವರ್ಷದ ನಂತರ 26 ಮಂದಿ ಬದುಕಿದ್ದರು. ಮೂರು ವರ್ಷ ತಡವಾಗಿ ಶುರು ಮಾಡಿದ 29ರಲ್ಲಿ ಉಳಿದವರು 19.

ಹಾಗಂತ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದು ನುಂಗಿಸಬಾರದು. ಡೋಸ್ ಡಾಕ್ಟರೇ ಹೇಳಬೇಕು. ಬಿಪಿ, ರಕ್ತ ಪರೀಕ್ಷೆ ಆಗ್ತಿರಬೇಕು. ‘ಇವನಿಗೆ ಬಿಪಿನೇ ಇಲ್ಲ, ಇದ್ಯಾಕ?’ ಅಂತ ನಡುವೆ ಬಿಡಿಸಲೂಬಾರದು. ಸ್ಟೀರಾಯ್ಡ್ ಗುಳಿಗೆಯನ್ನಂತೂ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ತಾಯಿಗೂ ಎಕೋ
ದೋಷವುಳ್ಳ ಜೀನ್ ಹೆಚ್ಚಾಗಿ ತಾಯಿಯಿಂದ ಬರುತ್ತದೆ. ಅಂಥ ತಾಯಂದಿರಿಗೂ, ಅಕ್ಕತಂಗಿಯರಿಗೂ ಹೃದಯದ ತೊಂದರೆ ಬರಬಹುದು. ಅವರೂ ತಪಾಸಣೆ ಮಾಡಿಸಿಕೊಳ್ಳಬೇಕು. ಇದು ಯಾರ ತಪ್ಪೂ ಅಲ್ಲ, ತಾಯಿಯನ್ನು ದೂರುವುದು ಬೇಡ.

ಎಲ್ಲಿಗೆ ಹೋಗಬೇಕು?
ಹೃದಯ ತಪಾಸಣೆಗೆ ಕಲಬುರಗಿಯಲ್ಲಿ ಜಯದೇವ ಆಸ್ಪತ್ರೆ ಇದೆ. ಸ್ನಾಯು ಕಾಯಿಲೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ಕಾಯಿಲೆಯೂ ಸೇರಿದ್ದು, ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಬಹುದು. ಹಳೆ ಎಕೋ ರಿಪೋರ್ಟ್‌ಗಳನ್ನು ಒಂದೇ ಫೈಲಿನಲ್ಲಿ ಇಡಿ. ಹೋದ ವರ್ಷಕ್ಕೂ ಈ ವರ್ಷಕ್ಕೂ ಹೃದಯ ಎಷ್ಟು ಬದಲಾಗಿದೆ ಎಂಬುದು ಡಾಕ್ಟರಿಗೆ ತಿಳಿಯುವುದು ಅದರಿಂದಲೇ.