ನಾಯಿಯ ಆತುರದ ತುತ್ತು

ಅವಸರದಿಂದ ಉಣ್ಣುವ ಮಕ್ಕಳನ್ನು ಕಂಡರೆ “ನಾಯಿಯ ಹಾಗೆ ಗಬಗಬ ತಿನ್ನಬೇಡ” ಎಂದು ಹಿರಿಯರು ಗದರಿಸುವುದುಂಟು. ಭಾಲ್ಕಿ ತಾಲ್ಲೂಕಿನ ಖಾನಾಪುರದಲ್ಲಿ ನೆಲೆಸಿರುವ ಮೈಲಾರ ಮಲ್ಲಣ್ಣನ ಪರಂಪರೆಯಲ್ಲಿ ನಾಯಿ ದೇವರ ಸಂಗಾತಿ. ಮೈಲಾರನ ಗೊರವರು ತಾವೇ ಆತನ ನಾಯಿಗಳೆಂದು ಬಗೆದು, ಬೊಗಳುತ್ತ, ದೋಣಿಗೆ ಬಾಯಿಹಾಕಿ ಉಣ್ಣುವ ಸೇವೆಯೊಂದಿದೆ. ಅಲ್ಲಿಯೂ ಆತುರವೇ ನಾಯಿಯ ಕುರುಹು. ಆದರೆ ಈ ಆತುರ ನಾಯಿಗೆ ಹಿತವೇ ಎಂದು ವಿಚಾರಿಸಿದವರು ವಿರಳ.

ಸಂತಪುರದ ಯಾವ ಓಣಿಯಲ್ಲಾದರೂ ಜೋಳದ ರೊಟ್ಟಿಯ ತುಂಡೊಂದನ್ನು ಎಸೆದು ನೋಡಿ. ಎರಡನೆಯ ನಾಯಿ ಬರುವಷ್ಟರಲ್ಲಿ ಅದು ಮೊದಲನೆಯದರ ಹೊಟ್ಟೆ ಸೇರಿರುತ್ತದೆ. ಬೆಳೆದ ನಾಯಿಗೆ 42 ಹಲ್ಲುಗಳಿದ್ದರೂ ಅದರ ದವಡೆ ಸೀಳಲು, ಕತ್ತರಿಸಲು ಒಗ್ಗಿದುದೇ ಹೊರತು ನಮ್ಮ ಬಾಯಿಯಂತೆ ಅತ್ತಿತ್ತ ಹೊರಳಿಸಿ ಅರೆಯಲು ಅಲ್ಲ. ಮೇಲಾಗಿ ಅದು ತೋಳದ ಕುಲದ್ದು. ಗುಂಪಿನಲ್ಲಿ ಉಣ್ಣುವಾಗ ತಡಮಾಡಿದವನಿಗೆ ಪಾಲಿಲ್ಲ. ಬೇಟೆ ಬಿಟ್ಟು ಸಾವಿರಾರು ವರ್ಷಗಳಾದರೂ ಆ ಭಯ ಬಿಟ್ಟಿಲ್ಲ.

ಬೇಗ ನುಂಗಿದಾಗ ಅನ್ನದೊಡನೆ ಗಾಳಿಯೂ ಒಳಹೋಗುತ್ತದೆ. ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಉಂಡುದೆಲ್ಲ ಹಾಗೆಯೇ ಹೊರಬೀಳಬಹುದು. ಇವು ಸಣ್ಣ ತೊಂದರೆಗಳು. ದೊಡ್ಡದು ಬೇರೆಯಿದೆ. ಕೆಲವು ನಾಯಿಗಳಲ್ಲಿ ಜಠರವು ಗಾಳಿಯಿಂದ ಉಬ್ಬಿ ತನ್ನ ಸುತ್ತ ತಾನೇ ತಿರುಚಿಕೊಳ್ಳುತ್ತದೆ. ಆಗ ರಕ್ತನಾಳಗಳು ಅದುಮಿ, ಹೃದಯಕ್ಕೆ ಮರಳುವ ರಕ್ತ ಕುಗ್ಗುತ್ತದೆ. ತಕ್ಷಣ ಶಸ್ತ್ರಚಿಕಿತ್ಸೆಯಾಗದಿದ್ದರೆ ಕೆಲವೇ ಗಂಟೆಗಳಲ್ಲಿ ಸಾವು. ಹೊಟ್ಟೆ ಬಿಗಿದು ಉಬ್ಬುವುದು, ಓಕರಿಸಿದರೂ ಏನೂ ಬಾರದಿರುವುದು, ಜೊಲ್ಲು, ಚಡಪಡಿಕೆ ಇದರ ಲಕ್ಷಣಗಳು. ಬೆಳಗಾಗುವಷ್ಟರಲ್ಲಿ ಸತ್ತ ನಾಯಿಗೆ ಯಾರೋ ವಿಷವಿಕ್ಕಿದರೆಂದು ಸಂಶಯಪಡುವ ಮೊದಲು ಇದನ್ನೂ ನೆನೆಯಬೇಕು.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ದೊಡ್ಡ ಹಾಗೂ ದೈತ್ಯ ಗಾತ್ರದ 11 ತಳಿಗಳ 1637 ನಾಯಿಗಳನ್ನು ಗಮನಿಸಿ 2000ದಲ್ಲಿ ವರದಿ ಪ್ರಕಟಿಸಿದರು. ಇಳಿವಯಸ್ಸು, ಒಡಹುಟ್ಟಿದವುಗಳಲ್ಲಿ ಅಥವಾ ಹೆತ್ತವುಗಳಲ್ಲಿ ಈ ರೋಗ, ಎತ್ತರದಲ್ಲಿಟ್ಟ ತಟ್ಟೆ, ಇವುಗಳ ಜೊತೆಗೆ ಉಣ್ಣುವ ವೇಗವೂ ಅಪಾಯವನ್ನು ಹೆಚ್ಚಿಸುವುದೆಂದು ಅವರು ಕಂಡುಕೊಂಡರು. ಆಳವಾದ, ಇಕ್ಕಟ್ಟಾದ ಎದೆಯುಳ್ಳ ನಾಯಿಗಳಿಗೆ ಭಯ ಹೆಚ್ಚು. 2005ರಲ್ಲಿ ಅಂಚೆಚೀಟಿಯ ಮೇಲೆ ಮೂಡಿದ ನಮ್ಮ ಮುಧೋಳ ನಾಯಿಯದೂ ಆಳವಾದ ಎದೆ, ಸಣ್ಣ ಸೊಂಟದ ಮೈಕಟ್ಟೇ. ಆ ತಳಿಯ ರಕ್ಷಣೆಗಾಗಿ ಮುಧೋಳದ ಬಳಿಯ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಕೇಂದ್ರ ನಮ್ಮ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು.

ಪರಿಹಾರ ಕಷ್ಟವಲ್ಲ. ದಿನದ ಅನ್ನವನ್ನು ಒಂದೇ ಸಲ ಸುರಿಯದೆ ಎರಡು ಮೂರು ಹೊತ್ತಿಗೆ ಹಂಚಬೇಕು. ಅಗಲವಾದ ಪರಾತದಲ್ಲಿ ಹರಡಬೇಕು. ಇಲ್ಲವೆ ನುಂಗಲಾಗದಷ್ಟು ದೊಡ್ಡ ಶುಚಿಯಾದ ಕಲ್ಲೊಂದನ್ನು ನಡುವೆ ಇಟ್ಟರೆ ನಾಯಿ ಅದರ ಸುತ್ತ ಹುಡುಕಿ ಹುಡುಕಿ ತಿನ್ನುತ್ತದೆ. ಹಲವು ನಾಯಿಗಳಿದ್ದರೆ ಬೇರೆ ಬೇರೆ ಎಡೆಯಲ್ಲಿ ಇಕ್ಕಬೇಕು, ಉಂಡೊಡನೆ ಓಡಿಸಬಾರದು. ಹೊಟ್ಟೆ ಉಬ್ಬಿತೆಂದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ತನ್ನ ಪಾಲನ್ನು ಯಾರೂ ಕಸಿಯರೆಂಬ ನಂಬಿಕೆ ನಾಯಿಗೆ ತಾನಾಗಿ ಬಾರದು; ಅದನ್ನು ಹುಟ್ಟಿಸುವುದು ಇಕ್ಕುವವರ ಹೊಣೆ.