ಮಾಯವಾಗಿದ್ದು 11 ಸಾಲು, ನಿಂತಿದ್ದು ಸಾವಿರಾರು ಬಿಲ್ಡ್!

2016ರ ಮಾರ್ಚ್ 22. ಜಗತ್ತಿನ ಎಷ್ಟೋ ಕಡೆ ಪ್ರೋಗ್ರಾಮರ್‌ಗಳ ಬಿಲ್ಡ್, ಅಂದ್ರೆ ಕೋಡನ್ನ ಓಡೋ ಸಾಫ್ಟ್‌ವೇರ್ ಆಗಿ ಸಿದ್ಧಮಾಡೋ ಹಂತ, ಇದ್ದಕ್ಕಿದ್ದಂತೆ ಕೈಕೊಡ್ತು. ಕಾರಣ? ಬರೀ 11 ಸಾಲಿನ ಕೋಡ್ ಮಾಯ!

ಅದರ ಹೆಸರು ಲೆಫ್ಟ್-ಪ್ಯಾಡ್. ಅಕ್ಷರ, ಅಂಕಿಗಳ ಎಡಗಡೆ ಖಾಲಿ ಜಾಗ ಅಥವಾ ಸೊನ್ನೆ ತುಂಬೋದಷ್ಟೇ ಅದರ ಕೆಲಸ. 5 ಹೋಗಿ 005 ಆಗುತ್ತೆ, ಅಷ್ಟೆ.

ಒಬ್ಬರು ಬರೆದು ಹಂಚಿದ ಕೋಡನ್ನ ಇನ್ನೊಬ್ಬರು ಮತ್ತೆ ಯಾಕೆ ಬರೀಬೇಕು? ಅದಕ್ಕೇ ಇರೋದು ಎನ್‌ಪಿಎಂ: ಜಾವಾಸ್ಕ್ರಿಪ್ಟ್ ಕೋಡಿನ ಸಾರ್ವಜನಿಕ ಭಂಡಾರ. ಪೈಥಾನ್‌ಗೆ ಪೈಪಿಐ ಇದೆ. ಪರ್ಲ್‌ಗಂತೂ 1995ರಿಂದಲೇ ಸಿಪ್ಯಾನ್ ಇದೆ. ಒಂದು ಕಮಾಂಡ್ ಕೊಟ್ರೆ ಬೇಕಾದ ಪ್ಯಾಕೇಜ್ ನಿಮ್ಮ ಕಂಪ್ಯೂಟರಿಗೆ ಬರುತ್ತೆ.

ಆದ್ರೆ ಅದು ಒಂಟಿಯಾಗಿ ಬರಲ್ಲ. ಮದುವೆಗೆ ಕರೆದ ನೆಂಟರು ತಮ್ಮ ನೆಂಟರನ್ನೂ ಕರ್ಕೊಂಡು ಬಂದ ಹಾಗೆ, ತಾನು ನಂಬಿದ ಪ್ಯಾಕೇಜ್‌ಗಳನ್ನೆಲ್ಲ ಜೊತೆಗೇ ತರುತ್ತೆ. ಹೆಸರಾಂತ ಬೇಬೆಲ್ ಟೂಲ್ ಕೂಡ ಹೀಗೇ ಲೆಫ್ಟ್-ಪ್ಯಾಡ್ ನಂಬಿಕೊಂಡಿತ್ತು.

ಲೆಫ್ಟ್-ಪ್ಯಾಡ್ ಮಾಯವಾಗಿದ್ದು ಹೇಗೆ? ಅದನ್ನ ಬರೆದ ಡೆವಲಪರ್ ಅಝೆರ್ ಕೊಚುಲು ಅವರಿಗೆ ತಮ್ಮ ಇನ್ನೊಂದು ಪ್ಯಾಕೇಜಿನ ಹೆಸರಿಗಾಗಿ ಕಿಕ್ ಅನ್ನೋ ಕಂಪನಿ ಜೊತೆ ತಕರಾರು. ಎನ್‌ಪಿಎಂ ಆ ಹೆಸರನ್ನ ಕಂಪನಿಗೆ ಕೊಡ್ತು. ಅದಕ್ಕೆ ಅಝೆರ್ ತಮ್ಮ ಪ್ಯಾಕೇಜ್‌ಗಳನ್ನೆಲ್ಲ ವಾಪಸ್ ತಗೊಂಡ್ರು. ಲೆಫ್ಟ್-ಪ್ಯಾಡ್ ಕೂಡ ಹೋಯ್ತು. ಕೆಲವೇ ಗಂಟೆಗಳಲ್ಲಿ ಎನ್‌ಪಿಎಂ ಅದನ್ನ ಮರಳಿ ತಂತು. ಆಮೇಲೆ ಅಳಿಸೋ ನಿಯಮವನ್ನೂ ಬಿಗಿ ಮಾಡ್ತು.

ಹಾಗಂತ ಹಂಚಿಕೆಯ ಕೋಡ್ ಬೇಡ ಅಂತಲ್ಲ. ಬಳಸೋ ಮುಂಚೆ ಮೂರು ವಿಷಯ ನೋಡಿ: ಲೈಸೆನ್ಸ್ ಏನು? ಯಾರಾದ್ರೂ ಈಗಲೂ ಅದನ್ನ ನೋಡ್ಕೊಳ್ತಿದ್ದಾರಾ? ಜೊತೆಗೆ ಏನೇನು ಬರುತ್ತೆ? ಪ್ಯಾಕೇಜಿನ ಆವೃತ್ತಿಯನ್ನ ಬರೆದಿಡೋ ಲಾಕ್ ಫೈಲ್ ಇದ್ರೆ ಅದು ತಾನಾಗೇ ಬದಲಾಗಲ್ಲ. ಮುಖ್ಯವಾದ ಪ್ಯಾಕೇಜ್‌ಗಳ ಪ್ರತಿ ನಿಮ್ಮ ಸರ್ವರ್‌ನಲ್ಲೂ ಇಟ್ಕೊಳ್ಳಿ. ನಾಲ್ಕೇ ಸಾಲಲ್ಲಿ ಮುಗಿಯೋ ಕೆಲಸವಾದ್ರೆ? ನೀವೇ ಬರೆದುಬಿಡಿ!